ಬಸ್ ನಿಲ್ದಾಣದ ಹೆಣಗಳು
(ಋಷಿಕೊಂಡದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಸರಣಿ ಕೊಲೆಗಾರನೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕೆಂಗಣ್ಣಿನ ರಾಕ್ಷಸ. ದಕ್ಷಿಣ ಕನ್ನಡದ ಮೋಹನಕುಮಾರನಾದರೋ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದವನು, ನಯವಾದ ಮಾತಿನವನು. 2003ರಿಂದ 2009ರವರೆಗೆ ನಡೆದ 20 ಹೆಣ್ಣುಮಕ್ಕಳ ಕೊಲೆಗಾಗಿ ಅವನ ಮೇಲೆ ಮೊಕದ್ದಮೆಗಳು ನಡೆದವು.

ವರದಕ್ಷಿಣೆ ಬೇಡವೆಂಬುದೇ ಅವನ ಗಾಳ. ಬಡವರ ಮನೆಯಲ್ಲಿ, ಮದುವೆಯ ವಯಸ್ಸು ಮೀರುತ್ತಿರುವ ಹುಡುಗಿಗೆ ಅದಕ್ಕಿಂತ ಸವಿಯಾದ ಮಾತು ಯಾವುದಿದ್ದೀತು? ಒಡವೆ ತೊಡಿಸಿಕೊಂಡು ಮೈಸೂರು, ಮಡಿಕೇರಿ, ಬೆಂಗಳೂರು ಎಂದು ದೂರದ ಊರಿಗೆ ಕರೆದೊಯ್ದು ವಸತಿಗೃಹದಲ್ಲಿ ತಂಗುವನು. ಬೆಳಗಾದರೆ ಒಡವೆಗಳನ್ನು ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಹೋಗಿ, ಗರ್ಭ ನಿಲ್ಲದಿರಲೆಂದು ಗುಳಿಗೆ ಕೊಡುವನು. ವಾಕರಿಕೆ ಬಂದೀತು, ಶೌಚಾಲಯದಲ್ಲೇ ನುಂಗು ಎನ್ನುವನು. ಅದರಲ್ಲಿದ್ದುದು ಸಯನೈಡ್. ಅವಳು ಒಳಗೆ ಬಿದ್ದಿರುವಾಗ ಇವನು ಕೋಣೆಗೆ ಮರಳಿ ಒಡವೆ ಎತ್ತಿಕೊಂಡು ಹೊರಡುವನು.

ಇಲ್ಲಿ ಸಿಟ್ಟಿಲ್ಲ, ರಕ್ತವಿಲ್ಲ. ಹುಚ್ಚಿಗಿಂತ ಲೆಕ್ಕಾಚಾರವೇ ಹೆಚ್ಚೆಂದು ನಮಗೆ ತೋರುತ್ತದೆ. ಆ ಲೆಕ್ಕದಲ್ಲಿ ನಮ್ಮ ಮರ್ಯಾದೆಯ ಅಂಜಿಕೆಯೂ ಸೇರಿತ್ತು. ಓಡಿಹೋದ ಮಗಳ ಹೆಸರೆತ್ತಲು ಎಷ್ಟು ಮಂದಿ ತಂದೆತಾಯಿಗಳು ಠಾಣೆಯ ಮೆಟ್ಟಲು ಹತ್ತುತ್ತಾರೆ?

ಇನ್ನು ಪೋಲೀಸರ ಮಾತು. ಹುಡುಗಿ ಕಾಣೆಯಾದದ್ದು ಒಂದು ಜಿಲ್ಲೆಯಲ್ಲಿ, ಗುರುತಿಲ್ಲದ ಹೆಣ ಸಿಕ್ಕಿದ್ದು ಇನ್ನೊಂದರಲ್ಲಿ. ಒಳಗಿನಿಂದ ಚಿಲಕ ಹಾಕಿದ ಬಾಗಿಲು ನೋಡಿ ಆತ್ಮಹತ್ಯೆಯೆಂದು ಬರೆದುಕೊಂಡರು. ಮದುವೆಯ ಸೀರೆ ಉಟ್ಟವಳು ಬಸ್ ನಿಲ್ದಾಣದಲ್ಲಿ ಏಕೆ ಸತ್ತಳೆಂದು ಕೇಳಬೇಡವೇ? ಒಂದು ಠಾಣೆಯ ಕಡತ ಇನ್ನೊಂದರ ಕಣ್ಣಿಗೆ ಬೀಳದ ಈ ಕುರುಡನ್ನು ಅಮೆರಿಕದ ಸ್ಟೀವನ್ ಎಗ್ಗರ್ 1984ರಲ್ಲೇ ಗುರುತಿಸಿ ಹೆಸರಿಟ್ಟಿದ್ದರು.

2009ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬಳು ಕಾಣೆಯಾದಾಗ ಊರವರು ಸುಮ್ಮನಾಗಲಿಲ್ಲ. ಬೇರೆ ಮತದವನೊಬ್ಬ ಹಾರಿಸಿಕೊಂಡು ಹೋದನೆಂಬ ಗುಲ್ಲೂ ಎದ್ದಿತು, ಅದು ಸುಳ್ಳಾಯಿತು. ಅವಳ ಫೋನಿನ ಕರೆಗಳನ್ನು ಹಿಡಿದು ಹೊರಟ ಪೋಲೀಸರಿಗೆ ಸಿಕ್ಕಿದ್ದು ಕಾಣೆಯಾದ ಬೇರೆ ಹೆಣ್ಣುಮಕ್ಕಳ ನಂಬರುಗಳು! ಆ ಎಳೆ ಮೋಹನಕುಮಾರನವರೆಗೆ ಮುಟ್ಟಿತು. ಅಕ್ಟೋಬರಿನಲ್ಲಿ ಅವನನ್ನು ಹಿಡಿದರು. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮರಣದಂಡನೆ ವಿಧಿಸಿತು. 2017ರಲ್ಲಿ ಹೈಕೋರ್ಟು ಬಂಟ್ವಾಳದ ಯುವತಿಯ ಪ್ರಕರಣದಲ್ಲಿ ಅದನ್ನು ಜೀವಾವಧಿಗೆ ಇಳಿಸಿತು.

ಊರು ಬಿಟ್ಟು ವಿಶಾಖಪಟ್ಟಣಕ್ಕೆ ಬಂದಿರುವ ನಾವು ತಿಂಗಳಿಗೊಮ್ಮೆ ಹಣ ಕಳಿಸುತ್ತೇವೆ. ತಂಗಿಗೆ ಗಂಡು ಗೊತ್ತಾಯಿತೆಂಬ ಸುದ್ದಿಯೂ ಫೋನಿನಲ್ಲೇ ಬರುತ್ತದೆ. ಗಂಡಿನ ಊರಿಗೆ ಯಾರಾದರೂ ಹೋಗಿ ವಿಚಾರಿಸಿದರೇ ಎಂದು ಕೇಳೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಅಪಹರಣದಂಥ ಅಪರಾಧದ ಶಂಕೆಯಿದ್ದರೆ, ಅದು ಎಲ್ಲಿ ನಡೆದಿದ್ದರೂ ಇಲ್ಲಿನ ಠಾಣೆಯಲ್ಲೇ ದೂರು ಬರೆಸಬಹುದು. ಬಂಟ್ವಾಳದವರೆಗೆ ರೈಲು ಹತ್ತಬೇಕಾಗಿಲ್ಲ.