ವಾರಾನ್ನ ಮತ್ತು ವಾರವಿದ್ಯೆ

ಧಾರವಾಡದ ಹಳೆಯ ಓಣಿಗಳಲ್ಲಿ ಬೆಳೆದವರಿಗೆ ‘ವಾರಾನ್ನ’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ತಲೆಮಾರಿನ ಕೇಳುಗರಿಗಾಗಿ ಎರಡು ಮಾತು ಹೇಳುತ್ತೇನೆ. ಓದಬೇಕೆಂಬ ಹಂಬಲದಿಂದ ಹಳ್ಳಿ ಬಿಟ್ಟು ಬಂದ ಬಡ ಹುಡುಗನಿಗೆ ಊರಿನ ಏಳು ಮನೆಗಳು ವಾರದ ಏಳು ದಿನಗಳನ್ನು ಹಂಚಿಕೊಂಡು ಊಟ ಹಾಕುತ್ತಿದ್ದವು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಯಾವ ಮನೆಗೂ ಅದು ಭಾರವಾಗುತ್ತಿರಲಿಲ್ಲ. ಹುಡುಗನ ಓದೂ ನಿಲ್ಲುತ್ತಿರಲಿಲ್ಲ. ಹೆಚ್ಚು ಸಿರಿವಂತಿಕೆಯಿಲ್ಲದ ಊರುಗಳು ದೊಡ್ಡ ಕೆಲಸವನ್ನು ಸಾಧಿಸಿದ ಬಗೆ ಇದು.

ಇದರ ಕೊರತೆಯನ್ನೂ ಹೇಳದಿದ್ದರೆ ಮಾತು ಪೂರ್ಣವಾಗದು. ವಾರಾನ್ನದ ಹೊಸ್ತಿಲು ಎಲ್ಲರಿಗೂ ತೆರೆದಿರಲಿಲ್ಲ. ಹುಡುಗನ ಹಸಿವಿಗಿಂತ ಮೊದಲು ಅವನ ಜಾತಿಯನ್ನು ಕೇಳುವ ಮನೆಗಳೇ ಹೆಚ್ಚು. ಆ ಹೊಸ್ತಿಲ ಹೊರಗೆ ಉಳಿದವರಿಗಾಗಿ ಬೇರೆ ಬಾಗಿಲುಗಳನ್ನು ಕಟ್ಟಬೇಕಾಯಿತು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಉಚಿತ ಪ್ರಸಾದನಿಲಯವನ್ನು ನಡೆಸಿದರು. ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲ ಮತ್ತು ನಾಗಮ್ಮ ಪಾಟೀಲ ದಂಪತಿಗಳು, ಅಂದಿನ ಮಾತಿನಲ್ಲಿ ಹೇಳುವುದಾದರೆ, ‘ಹರಿಜನ ಬಾಲಿಕಾಶ್ರಮ’ವನ್ನು ಕಟ್ಟಿದರು. ಮುಂದೆ ಹಿಂದುಳಿದ ವರ್ಗಗಳ ಸ್ಥಿತಿಗತಿಯನ್ನು ಅಳೆದುನೋಡಿ 1975ರಲ್ಲಿ ವರದಿ ಸಲ್ಲಿಸಿದ ಎಲ್. ಜಿ. ಹಾವನೂರರೂ ಹಳೆಯ ಧಾರವಾಡ ಜಿಲ್ಲೆಯವರೇ. ಮನೆಗಳು ಮಾಡಿದ್ದನ್ನು ಮಠ ಮಾಡಿತು, ಮಠ ಮಾಡಿದ್ದನ್ನು ಸರಕಾರ ಮಾಡಿತು. ಇಂದು ವಸತಿನಿಲಯಗಳಿವೆ, ವಿದ್ಯಾರ್ಥಿವೇತನಗಳಿವೆ. ಅನ್ನದ ಪ್ರಶ್ನೆ ಬಹುಮಟ್ಟಿಗೆ ಹಿಂದೆ ಸರಿದಿದೆ. ಆದರೆ ಇನ್ನೊಂದು ಬಗೆಯ ಹಸಿವು ಉಳಿದುಕೊಂಡಿದೆ. ಇಂದು ನಾನು ಮಾತನಾಡಬೇಕೆಂದಿರುವುದು ಆ ಹಸಿವನ್ನು ಕುರಿತು.

ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಆರಂಭವಾದದ್ದು 1957ರಲ್ಲಿ. ಅದಕ್ಕೆ ಮೊದಲು ಡಾಕ್ಟರಿಕೆ ಕಲಿಯಬಯಸಿದ ಈ ಭಾಗದ ಹುಡುಗರು ಮುಂಬಯಿ, ಪುಣೆಗಳ ಕಡೆಗೆ ಮುಖಮಾಡಬೇಕಾಗಿತ್ತು. ಮುಂದೆ ‘ಕಿಮ್ಸ್’ ಎಂದು ಹೆಸರಾದ ಈ ಸಂಸ್ಥೆಗೆ ನಿರ್ದೇಶಕರಾಗಿದ್ದ ಡಾ. ಸ. ಜ. ನಾಗಲೋಟಿಮಠರ ಹೆಸರನ್ನು ಸಾಹಿತ್ಯಾಸಕ್ತರು ಬಲ್ಲರು. ಬಡತನದಲ್ಲಿ ಬೆಳೆದು ರೋಗನಿದಾನ ಶಾಸ್ತ್ರದಲ್ಲಿ ಹೆಸರು ಮಾಡಿದ ಅವರು ವೈದ್ಯವಿಷಯಗಳನ್ನು ಕನ್ನಡದಲ್ಲಿ ಬರೆಯುವುದನ್ನು ವ್ರತದಂತೆ ನಡೆಸಿದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ಬಿಚ್ಚಿದ ಜೋಳಿಗೆ’. ಜೋಳಿಗೆಯ ಮನೆಯಿಂದ ವೈದ್ಯಕೀಯ ಸಂಸ್ಥೆಯ ನಿರ್ದೇಶಕರ ಕುರ್ಚಿಯವರೆಗಿನ ದಾರಿ ಅಸಾಧ್ಯವಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಆದರೆ ಆ ದಾರಿ ಇಂದು ಅಗಲವಾಗಿದೆಯೋ ಕಿರಿದಾಗಿದೆಯೋ ಎಂಬುದನ್ನು ನಾವು ಕೇಳಿಕೊಳ್ಳಬೇಕು.

ಮೇಲುನೋಟಕ್ಕೆ ಅಗಲವಾಗಿದೆ. 1997ರಲ್ಲಿ ಹಳೆಯ ಧಾರವಾಡ ಜಿಲ್ಲೆ ಮೂರು ಜಿಲ್ಲೆಗಳಾಗಿ ಒಡೆಯಿತು. ಹುಬ್ಬಳ್ಳಿಯ ಕಾಲೇಜಿನ ಜೊತೆಗೆ 2015ರಲ್ಲಿ ಗದಗಿನಲ್ಲಿಯೂ 2022ರಲ್ಲಿ ಹಾವೇರಿಯಲ್ಲಿಯೂ ಸರಕಾರಿ ವೈದ್ಯಕೀಯ ಕಾಲೇಜುಗಳು ತೆರೆದವು. ಒಂದು ಕಾಲದ ಒಂದೇ ಜಿಲ್ಲೆಯಲ್ಲಿ ಈಗ ಮೂರು ಸರಕಾರಿ ಕಾಲೇಜುಗಳು. ಆದರೂ ಕುಂದಗೋಳ, ಕಲಘಟಗಿ, ನವಲಗುಂದಗಳ ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ಕುಳಿತ ಹುಡುಗಿಗೆ ಈ ಮೂರು ಕಟ್ಟಡಗಳು ಬಸ್ಸಿನ ಕಿಟಕಿಯಿಂದ ಕಾಣುವ ಕಟ್ಟಡಗಳಾಗಿಯೇ ಉಳಿದಿವೆ. ದಾರಿ ಹತ್ತಿರವಾಯಿತು, ಬಾಗಿಲು ಹತ್ತಿರವಾಗಲಿಲ್ಲ.

ಕಾರಣವೇನು? ಬುದ್ಧಿಯ ಕೊರತೆಯೆಂದು ಹೇಳುವವರಿದ್ದಾರೆ. ಮೂರು ದಶಕಗಳಿಗೂ ಮಿಕ್ಕಿ ಕನ್ನಡ ಪಾಠ ಹೇಳಿದ ನಾನು ಈ ಮಾತನ್ನು ಒಪ್ಪಲಾರೆ. ನಿವೃತ್ತಿಯ ತರುವಾಯ ಭಾನುವಾರಗಳಂದು ಕೆಲವು ವಿಜ್ಞಾನ ವಿದ್ಯಾರ್ಥಿಗಳು ನನ್ನಲ್ಲಿಗೆ ಬರುತ್ತಾರೆ. ಕನ್ನಡದ ಮಾಸ್ತರನಲ್ಲಿ ವಿಜ್ಞಾನದ ಮಕ್ಕಳಿಗೆ ಏನು ಕೆಲಸವೆಂದು ನೀವು ಕೇಳಬಹುದು. ಅವರಲ್ಲಿ ಒಬ್ಬಳು ರೈತನ ಮಗಳು. ಜೀವಕೋಶದ ರಚನೆಯನ್ನು ಕನ್ನಡದಲ್ಲಿ ಕೇಳಿದರೆ ಬಾವಿಯ ಹಗ್ಗ ಬಿಟ್ಟಂತೆ ಸರಸರನೆ ಹೇಳಿಬಿಡುತ್ತಾಳೆ. ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಮುಂದಿಟ್ಟಾಗ ಸುಮ್ಮನಾದಳು. ‘ಯಾಕ ತಂಗಿ?’ ಎಂದೆ. ‘ಸರ, ಉತ್ತರಾ ಗೊತ್ತೈತ್ರಿ. ಪ್ರಶ್ನೀನ ತಿಳೀವಲ್ದರಿ’ ಎಂದಳು. ಇಡೀ ಸಮಸ್ಯೆಯ ತಿರುಳು ಆ ಎರಡು ವಾಕ್ಯಗಳಲ್ಲಿ ಇದೆಯೆಂದು ನನಗೆ ತೋರುತ್ತದೆ.

ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗು ಹದಿನಾರನೆಯ ವಯಸ್ಸಿನಲ್ಲಿ ಒಂದು ಬೇಸಿಗೆಯ ಬಿಡುವಿನೊಳಗೆ ಭಾಷೆಯ ಹೊಳೆಯನ್ನು ದಾಟಬೇಕು. ಪದವಿಪೂರ್ವ ವಿಜ್ಞಾನದ ಪಾಠ ಬಹುತೇಕ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಎರಡು ವರ್ಷ ಕಳೆಯುವಷ್ಟರಲ್ಲಿ ‘ನೀಟ್’ ಪರೀಕ್ಷೆ ಎದುರಿಗೆ ನಿಂತಿರುತ್ತದೆ: 180 ಪ್ರಶ್ನೆ, 180 ನಿಮಿಷ, 720 ಅಂಕ. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಕಡಿತ. ಒಂದು ಪ್ರಶ್ನೆಗೆ ಒಂದೇ ನಿಮಿಷವಿರುವಲ್ಲಿ, ಪ್ರಶ್ನೆ ಅರ್ಥವಾಗಲು ಅರ್ಧ ನಿಮಿಷ ಹಿಡಿಯುವ ಮಗು ವಿಜ್ಞಾನದಲ್ಲಿ ಸೋಲುವುದಿಲ್ಲ, ಗಡಿಯಾರದೆದುರು ಸೋಲುತ್ತದೆ. 2017ರಿಂದ ಈ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಕನ್ನಡ ಆರಿಸಿಕೊಂಡವರಿಗೆ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪ್ರಶ್ನೆಪತ್ರಿಕೆ ದೊರೆಯುತ್ತದೆ. ಆದರೂ ಹಾಗೆ ಆರಿಸಿಕೊಳ್ಳುವವರು ತೀರ ಕಡಿಮೆ. ಎರಡು ವರ್ಷ ಇಂಗ್ಲಿಷ್ ಪದಗಳನ್ನೇ ಉರುಹಾಕಿದವರಿಗೆ ಪರೀಕ್ಷೆಯ ದಿನ ಎದುರಾಗುವ ಕನ್ನಡದ ಪಾರಿಭಾಷಿಕ ಪದಗಳು ಅಪರಿಚಿತವಾಗಿಯೇ ಕಾಣುತ್ತವೆ. ಅತ್ತ ಇಂಗ್ಲಿಷೂ ತನ್ನದಾಗಲಿಲ್ಲ, ಇತ್ತ ಕನ್ನಡವೂ ಜೊತೆಗೆ ಬರಲಿಲ್ಲ.

ಇಲ್ಲಿ ಭಾಷೆಯ ಮಾಸ್ತರನಿಗೆ ಕೆಲಸವುಂಟು. ವೈದ್ಯಶಾಸ್ತ್ರದ ಪದಗಳನ್ನು ಬಾಯಿಪಾಠ ಮಾಡಿಸುವ ಬದಲು ಬಿಡಿಸಿ ತೋರಿಸಿದರೆ ಸಾಕು, ಭಯ ಅರ್ಧ ಇಳಿಯುತ್ತದೆ. ‘ಐಟಿಸ್’ ಎಂದು ಮುಗಿದರೆ ಉರಿಯೂತ, ‘ಆಲ್ಜಿಯ’ ಎಂದರೆ ನೋವು, ‘ಎಕ್ಟಮಿ’ ಎಂದರೆ ಕತ್ತರಿಸಿ ತೆಗೆಯುವುದು. ಗ್ರೀಕಿನಲ್ಲಿ ‘ಗ್ಯಾಸ್ಟರ್’ ಹೊಟ್ಟೆ, ‘ನೆಫ್ರಾಸ್’ ಮೂತ್ರಪಿಂಡ, ‘ಹೆಪಾರ್’ ಯಕೃತ್ತು. ಇಷ್ಟು ತಿಳಿದ ಮಗು ನೂರು ಪದಗಳನ್ನು ತಾನೇ ಕಟ್ಟಬಲ್ಲದು. ನಮ್ಮ ವ್ಯಾಕರಣದ ಅರಿಸಮಾಸ ಅವರಿಗೆ ಹತ್ತನೆಯ ತರಗತಿಯಿಂದಲೇ ಗೊತ್ತು. ಸಂಸ್ಕೃತ, ಕನ್ನಡ ಪದಗಳು ಕೂಡಬಾರದೆಡೆ ಕೂಡಿದರೆ ಅರಿಸಮಾಸ. ‘ಅಪೆಂಡಿಸೈಟಿಸ್’ ಎಂಬುದರಲ್ಲಿ ತಲೆ ಲ್ಯಾಟಿನ್, ಬಾಲ ಗ್ರೀಕ್. ‘ಹೈಪರ್‌ಟೆನ್ಷನ್’ನಲ್ಲಿ ತಲೆ ಗ್ರೀಕ್, ಬಾಲ ಲ್ಯಾಟಿನ್. ‘ಹಂಗಾದ್ರ ಡಾಕ್ಟರಮಂದೀನೂ ಅರಿಸಮಾಸ ಮಾಡ್ತಾರಲ್ರಿ ಸರ!’ ಎಂದು ಮಕ್ಕಳು ನಕ್ಕರು. ನಕ್ಕಾಗ ಕಲಿತದ್ದು ಮರೆಯುವುದಿಲ್ಲ.

ವೈದ್ಯ ಕನ್ನಡಕ್ಕೆ ಹೊಸತೆಂದು ತಿಳಿಯುವ ಕಾರಣವೂ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮ ‘ಗೋವೈದ್ಯ’ವನ್ನು ಬರೆದ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದ. ಅನುಪಮಾ ನಿರಂಜನ ಅವರಂಥ ವೈದ್ಯಲೇಖಕಿಯರು ನಮ್ಮ ಮನೆಮನೆಗಳಿಗೆ ಆರೋಗ್ಯದ ಅರಿವನ್ನು ಕನ್ನಡದಲ್ಲಿಯೇ ತಂದರು. ಕನ್ನಡದಲ್ಲಿ ಯೋಚಿಸುವ ಮಗು ವೈದ್ಯವನ್ನು ಕಲಿಯಲಾರದು ಎಂಬುದಕ್ಕೆ ಇತಿಹಾಸದ ಬೆಂಬಲವಿಲ್ಲ.

ಭಾಷೆಯ ಹೊಳೆ ದಾಟಿದ ಮೇಲೆ ಕಾಗದದ ಹೊಳೆ ಬರುತ್ತದೆ. ನಮ್ಮ ರಾಜ್ಯದಲ್ಲಿ ವೃತ್ತಿಶಿಕ್ಷಣದ ಸರಕಾರಿ ಸೀಟುಗಳಲ್ಲಿ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಎಂದು ಮೀಸಲಿದೆ. ಒಂದನೆಯ ತರಗತಿಯಿಂದ ಹತ್ತರವರೆಗೆ ಎಲ್ಲಿ ಓದಿದೆ, ಯಾವ ಮಾಧ್ಯಮದಲ್ಲಿ ಓದಿದೆ ಎಂಬುದಕ್ಕೆ ಮುಖ್ಯೋಪಾಧ್ಯಾಯರ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿಯಿರುವ ಪ್ರಮಾಣಪತ್ರ ಬೇಕು. ಜಾತಿ, ಆದಾಯದ ಪ್ರಮಾಣಪತ್ರಗಳು ಬೇರೆ. ನಾನು ಬಲ್ಲ ಒಬ್ಬ ಹುಡುಗನ ತಂದೆತಾಯಿಗಳು ಕೂಲಿಗಾಗಿ ಊರೂರು ತಿರುಗಿದವರು. ಅವನು ಮೂರು ಹಳ್ಳಿಗಳ ಮೂರು ಶಾಲೆಗಳಲ್ಲಿ ಓದಿದ. ಅವುಗಳಲ್ಲಿ ಒಂದು ಮುಚ್ಚಿಹೋಗಿ, ಅದರ ದಾಖಲೆಗಳು ಬೇರೊಂದು ಶಾಲೆಯ ಕಪಾಟು ಸೇರಿದ್ದವು. ಕಚೇರಿಯಿಂದ ಕಚೇರಿಗೆ ಅಲೆದು ಸಹಿ ಮಾಡಿಸಿಕೊಂಡು ಬರುವಷ್ಟರಲ್ಲಿ ಕೊನೆಯ ದಿನಾಂಕ ದಾಟಿತ್ತು. ಅವನ ಅಂಕಗಳಲ್ಲಿ ಕೊರತೆಯಿರಲಿಲ್ಲ. ಬಿ.ಎಸ್ಸಿ. ಸೇರಿ ಚೆನ್ನಾಗಿಯೇ ಓದಿದ. ಆದರೆ ಆ ವರ್ಷ ಒಬ್ಬ ಡಾಕ್ಟರನನ್ನು ನಾವು ಕಳೆದುಕೊಂಡೆವು. ಯಾರಾದರೂ ತಿಳಿದವರು ಒಂದು ವರ್ಷ ಮೊದಲೇ ‘ಈ ಕಾಗದ ತೆಗೆದಿಡು, ತಮ್ಮಾ’ ಎಂದು ಹೇಳಿದ್ದರೆ ಸಾಕಾಗಿತ್ತು.

ಓದಿದವರ ಮನೆಯ ಮಕ್ಕಳಿಗೆ ಈ ಮಾತನ್ನು ಹೇಳಲು ಚಿಕ್ಕಪ್ಪನಿರುತ್ತಾನೆ, ಸೋದರಮಾವನಿರುತ್ತಾನೆ. ಮೊದಲ ತಲೆಮಾರಿನ ವಿದ್ಯಾರ್ಥಿಗೆ ಅಂಥ ಬಂಧುವೇ ಇಲ್ಲ. ಇದಕ್ಕೆ ಖರ್ಚಿನ ಭಾರವೂ ಸೇರುತ್ತದೆ. ಒಮ್ಮೆ ಸೀಟು ತಪ್ಪಿದರೆ ಸಿರಿವಂತರ ಮಗ ಕೋಚಿಂಗಿಗೆ ಹಣ ಕಟ್ಟಿ ಇನ್ನೊಂದು ವರ್ಷ ಕೂರುತ್ತಾನೆ. ರೈತನ ಮಗಳ ಮನೆಯಲ್ಲಿ ಆ ಒಂದು ವರ್ಷವೆಂದರೆ ಮದುವೆಯ ಮಾತು. ನಾನು ಮೊದಲು ಹೇಳಿದ ಹುಡುಗಿಯ ತಂದೆ ‘ಇನ್ನೊಂದ್ ವರ್ಷ ತಡೀತೇನ್ರಿ ಸರ, ಅದರ ಮ್ಯಾಲ ನನ್ನ ಕೈಯಾಗ ಇಲ್ಲ’ ಎಂದರು. ಆ ವರ್ಷದಲ್ಲಿ ಅವಳಿಗೆ ಸರಕಾರಿ ಕಾಲೇಜಿನಲ್ಲಿ ಸೀಟು ದೊರೆಯಿತು. ಎಷ್ಟು ಮನೆಗಳಲ್ಲಿ ಆ ವರ್ಷ ದೊರೆಯುವುದೇ ಇಲ್ಲವೆಂಬುದನ್ನು ನೆನೆದಾಗ ಸಂತೋಷ ಪೂರ್ತಿಯಾಗುವುದಿಲ್ಲ.

ಇಂಥ ಮಕ್ಕಳು ಡಾಕ್ಟರರಾದರೆ ಲಾಭ ಅವರಿಗೊಬ್ಬರಿಗೇ ಅಲ್ಲ. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ಅರ್ಧ ಗಂಟೆ ನಿಂತು ನೋಡಿ. ಒಬ್ಬ ಮುದುಕಿ ‘ದಮ್ಮು ಹತ್ತತೈತಿ’ ಎನ್ನುತ್ತಾಳೆ. ಇನ್ನೊಬ್ಬಳು ‘ಹೊಟ್ಟಿ ತೊಳಸತೈತಿ’ ಎನ್ನುತ್ತಾಳೆ. ಮತ್ತೊಬ್ಬ ‘ಕೈಕಾಲು ಜುಮ್ ಅಂತಾವ’ ಎನ್ನುತ್ತಾನೆ. ಈ ಮೂರೂ ರೋಗಲಕ್ಷಣಗಳೇ. ಹಳ್ಳಿಯ ಮಗುವಿಗೆ ಇವು ತಾಯಿಯ ಮಾತು. ಇತರರು ಇವನ್ನು ಪರಭಾಷೆಯಂತೆ ಕಲಿಯಬೇಕು. ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳನ್ನು ವೈದ್ಯಶಿಕ್ಷಣಕ್ಕೆ ಸೇರಿಸಿಕೊಂಡರೆ ಅವರು ಗ್ರಾಮಗಳಲ್ಲಿ ನೆಲೆಸಿ ದುಡಿಯುವ ಸಂಭವ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಶಿಫಾರಸು ಮಾಡಿತು. ಜಪಾನು ಈ ತಿಳಿವಳಿಕೆಯಿಂದಲೇ 1972ರಲ್ಲಿ ಜಿಚಿ ವೈದ್ಯಕೀಯ ಮಹಾವಿದ್ಯಾಲಯವನ್ನು ಸ್ಥಾಪಿಸಿತು. ಅಲ್ಲಿ ಪ್ರತಿಯೊಂದು ಪ್ರಾಂತದಿಂದ ವಿದ್ಯಾರ್ಥಿಗಳನ್ನು ಆರಿಸಿ ಓದಿಸುತ್ತಾರೆ. ಅವರು ಮರಳಿ ತಮ್ಮ ಪ್ರಾಂತದಲ್ಲಿ ಒಂಬತ್ತು ವರ್ಷ ಸೇವೆ ಸಲ್ಲಿಸುತ್ತಾರೆ. ನಮ್ಮ ನೆರೆಯ ತಮಿಳುನಾಡು 2020ರಲ್ಲಿ ಸರಕಾರಿ ಶಾಲೆಯ ಮಕ್ಕಳಿಗೆ ವೈದ್ಯಕೀಯ ಸೀಟುಗಳಲ್ಲಿ ನೂರಕ್ಕೆ 7.5ರಷ್ಟನ್ನು ಮೀಸಲಿರಿಸಿತು. ಹಿಂದಿನ ವರ್ಷ ಬೆರಳೆಣಿಕೆಯಷ್ಟಿದ್ದ ಆ ಮಕ್ಕಳ ಸಂಖ್ಯೆ ಆ ವರ್ಷವೇ ನೂರಾರಕ್ಕೆ ಏರಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಬೆಳೆಯಲಿಲ್ಲ; ಬಾಗಿಲು ತೆರೆಯಿತು, ಅಷ್ಟೇ.

ಹೀಗೆ ಒಳಬಂದವರಿಂದ ವೈದ್ಯದ ಮಟ್ಟ ಇಳಿಯದೆ ಎಂಬ ಶಂಕೆಗೆ ಉತ್ತರ ಸರಳವಾಗಿದೆ. ಪ್ರವೇಶದ ದಾರಿ ಬೇರೆಬೇರೆ ಇರಬಹುದು. ಒಳಗಿನ ಪರೀಕ್ಷೆ ಎಲ್ಲರಿಗೂ ಒಂದೇ. ಅಂಗರಚನಾಶಾಸ್ತ್ರದ ಪ್ರಶ್ನೆಪತ್ರಿಕೆ ಯಾರ ಊರನ್ನೂ ಕೇಳುವುದಿಲ್ಲ. ಹಾಗೆಯೇ ಬಯಸಿದವರೆಲ್ಲರೂ ಡಾಕ್ಟರರಾಗುವುದು ಸಾಧ್ಯವಿಲ್ಲವೆಂಬುದನ್ನೂ ಮಕ್ಕಳಿಗೆ ಮೊದಲೇ ಹೇಳಬೇಕು. ಶುಶ್ರೂಷೆ, ಔಷಧಶಾಸ್ತ್ರ, ಪ್ರಯೋಗಾಲಯದ ತಾಂತ್ರಿಕ ವಿದ್ಯೆ ಇವೂ ಆಸ್ಪತ್ರೆಯನ್ನು ಹೊತ್ತು ನಿಲ್ಲಿಸಿದ ಕಂಬಗಳೇ. ಒಂದು ಬಾಗಿಲು ಮುಚ್ಚಿದಾಗ ಮಗು ಮನೆಗೆ ಮರಳಬಾರದು.

ಹಾಗಾದರೆ ನಾವೇನು ಮಾಡಬಹುದು? ಹಿರಿಯರ ವಾರಾನ್ನವನ್ನೇ ಮಾದರಿಯಾಗಿಟ್ಟುಕೊಂಡು ನಾನು ಇದನ್ನು ‘ವಾರವಿದ್ಯೆ’ ಎಂದು ಕರೆಯುತ್ತೇನೆ. ಅವಳಿನಗರದಲ್ಲಿ ನಿವೃತ್ತ ಪ್ರಾಧ್ಯಾಪಕರಿಗೂ ವೈದ್ಯರಿಗೂ ಬರವಿಲ್ಲ. ಒಬ್ಬೊಬ್ಬರು ವಾರಕ್ಕೊಂದು ದಿನ, ಒಂದೆರಡು ಗಂಟೆ ಕೊಟ್ಟರೆ ಸಾಕು. ಒಬ್ಬರು ಭೌತಶಾಸ್ತ್ರ, ಒಬ್ಬರು ರಸಾಯನ, ಒಬ್ಬರು ಜೀವಶಾಸ್ತ್ರ. ನನ್ನಂಥವನು ಪದಗಳನ್ನು ಬಿಡಿಸುವುದು. ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿರುವ ಹಳ್ಳಿಯ ಮಕ್ಕಳು ತಿಂಗಳಿಗೊಮ್ಮೆ ತಮ್ಮ ತಾಲೂಕಿನ ಕಾಲೇಜಿಗೆ ಹೋಗಿ ‘ನಾನೂ ಇಲ್ಲೇ ಕಲ್ತಾಂವ’ ಎಂದು ಹೇಳಲಿ. ಆ ಮಾತಿಗಿಂತ ದೊಡ್ಡ ಪಾಠವಿಲ್ಲ. ಕಚೇರಿಯ ಕೆಲಸ ಬಲ್ಲ ನಿವೃತ್ತ ಗುಮಾಸ್ತರು ಯಾವ ಪ್ರಮಾಣಪತ್ರ ಯಾವಾಗ ಬೇಕೆಂಬ ಪಟ್ಟಿಯನ್ನು ಮೊದಲ ವರ್ಷದ ಆರಂಭದಲ್ಲಿಯೇ ಪ್ರತಿ ಕಾಲೇಜಿನ ಫಲಕದ ಮೇಲೆ ಹಚ್ಚಲಿ. ಇದಕ್ಕೆ ಕಟ್ಟಡ ಬೇಡ, ಉದ್ಘಾಟನೆ ಬೇಡ.

ಹಳೆಯ ವಾರಾನ್ನಕ್ಕಿಂತ ಇದು ಒಂದು ವಿಷಯದಲ್ಲಿ ಮಾತ್ರ ಬೇರೆಯಾಗಿರಬೇಕು. ಈ ಮನೆಯ ಹೊಸ್ತಿಲಲ್ಲಿ ಯಾರೂ ಜಾತಿಯನ್ನು ಕೇಳಕೂಡದು. ಬರುವ ಜೂನಿನಲ್ಲಿ ತಾಲೂಕಿನ ಕಾಲೇಜುಗಳು ಮತ್ತೆ ತೆರೆಯುತ್ತವೆ. ವಾರಕ್ಕೆ ಏಳು ದಿನಗಳಿವೆ. ಭಾನುವಾರವನ್ನು ನಾನು ತೆಗೆದುಕೊಂಡಿದ್ದೇನೆ. ಉಳಿದ ಆರು ದಿನಗಳನ್ನು ಕೇಳುಗರಾದ ನೀವು ಹಂಚಿಕೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ.