ಹೊನ್ನೆಯ ಲೋಟ, ಹೊನ್ನೆಯ ಮರ



ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಒಂದು ಮರದ ಲೋಟವನ್ನು ನೀವು ನೋಡಿರಬಹುದು. ಉರ್ದುವಿನಲ್ಲಿ ಅದನ್ನು ಬಿಜಾಸಾರ್ ಎನ್ನುತ್ತೇವೆ, ಕನ್ನಡದಲ್ಲಿ ಹೊನ್ನೆ. ರಾತ್ರಿ ತುಂಬಿಟ್ಟ ನೀರು ಬೆಳಿಗ್ಗೆ ಕಂದುಬಣ್ಣಕ್ಕೆ ತಿರುಗಿರುತ್ತದೆ. ಬಿಸಿಲಿಗೆ ಹಿಡಿದರೆ ನೀಲಿಯಾಗಿ ಹೊಳೆಯುತ್ತದೆ. ನಮ್ಮ ಅಮ್ಮಿ ಆ ಹೊಳಪನ್ನು ನಂಬಿ ಮಾತ್ರೆ ಬಿಟ್ಟರು. ಕೆಲವೇ ತಿಂಗಳಲ್ಲಿ ಕಾಲಿನ ಹುಣ್ಣು ಮಾಯದೆ ಆಸ್ಪತ್ರೆಗೆ ಸೇರಿಸಬೇಕಾಯಿತು. ನಾನು ಈ ಮರದ ಬಗ್ಗೆ ಓದತೊಡಗಿದ್ದು ಆಮೇಲೆಯೇ.

ಹೊನ್ನೆಯ ಗುಣ ಪೂರ್ತಿ ಸುಳ್ಳೆಂದು ಹೇಳುತ್ತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೊಸದಾಗಿ ಮಧುಮೇಹ ಕಂಡ 97 ರೋಗಿಗಳಿಗೆ ಇದರ ಸಾರ ಕೊಟ್ಟು ಪರೀಕ್ಷಿಸಿ, 1998ರಲ್ಲಿ ವರದಿ ಪ್ರಕಟಿಸಿತು. ನೂರಕ್ಕೆ 69ರಷ್ಟು ಜನರಲ್ಲಿ ಸಕ್ಕರೆ ಹತೋಟಿಗೆ ಬಂದಿತ್ತು. ಆದರೆ ಅದು ಅಳತೆ ಮಾಡಿದ ಸಾರ, ವೈದ್ಯರ ಕಣ್ಗಾವಲಿನಲ್ಲಿ ಕೊಟ್ಟದ್ದು. ಲೋಟದ ನೀರಿಗೆ ಆ ಲೆಕ್ಕ ಹೊಂದುವುದಿಲ್ಲ.

ಇನ್ನು ಮರದ ಕಡೆ ಬನ್ನಿ. ಲೋಟ ಕಡೆಯುವುದು ಒಳಗಿನ ಕೆಚ್ಚಿನಿಂದ. ಕೆಚ್ಚು ಬಲಿಯಲು ದಶಕಗಳೇ ಬೇಕು. ಹೊನ್ನೆ ಎಲೆ ಉದುರುವ ಕಾಡಿನ ಮರ. ಬಂಡೀಪುರ, ದಾಂಡೇಲಿ, ಭದ್ರಾ ಕಡೆಯ ಕಾಡುಗಳಲ್ಲಿ ಬೆಳೆಯುತ್ತದೆ. ನೀರಿಲ್ಲದ ದಿನಗಳಲ್ಲಿ ಎಲೆ ಕಳಚಿ ಜೀವ ಹಿಡಿದುಕೊಳ್ಳುತ್ತದೆ. ಹಳದಿ ಹೂಗೊಂಚಲು ಬಿಟ್ಟಾಗ ಜೇನುಗಳು ಮುತ್ತುತ್ತವೆ. ತೊಗಟೆಗೆ ಗಾಯವಾದರೆ ರಕ್ತದಂಥ ಕೆಂಪು ಅಂಟು ಸುರಿಯುತ್ತದೆ. ಮಲಬಾರಿನಿಂದ ಆ ಅಂಟು ಒಂದು ಕಾಲಕ್ಕೆ ಯುರೋಪಿನ ಔಷಧಿ ಅಂಗಡಿಗಳಿಗೂ ಹೋಗುತ್ತಿತ್ತು.

ಇದರ ಕಾಯಿ ದುಂಡಗೆ, ಚಪ್ಪಟೆಯಾಗಿ, ಸುತ್ತ ತೆಳು ರೆಕ್ಕೆ ಹೊತ್ತಿರುತ್ತದೆ. ಗಾಳಿಯಲ್ಲಿ ಹಾರಿ ಬೀಳುತ್ತದೆ. ಕಷ್ಟ ಇಲ್ಲಿಂದ ಶುರು. ಕಾಯಿಯ ಸಿಪ್ಪೆ ಗಟ್ಟಿ, ಮೊಳೆಯುವ ಬೀಜ ಕಡಿಮೆ. ಮೊಳೆತ ಸಸಿಯನ್ನು ಬೇಸಿಗೆಯ ಕಾಳ್ಗಿಚ್ಚು ಸುಡುತ್ತದೆ, ಉಳಿದದ್ದನ್ನು ದನ-ಆಡು ಮೇಯುತ್ತವೆ. ಮುದಿ ಮರವನ್ನು ಕೊಡಲಿ ಒಯ್ಯುತ್ತದೆ, ಅದರ ಬುಡದಲ್ಲಿ ಮರಿ ಇರುವುದಿಲ್ಲ. ಐಯುಸಿಎನ್ ಪಟ್ಟಿಯಲ್ಲಿ ಇದನ್ನು ಅಪಾಯದ ಅಂಚಿಗೆ ಬಂದ ಮರವೆಂದು ಸೇರಿಸಿದ್ದಾರೆ. ಇದರ ಸೋದರ ರಕ್ತಚಂದನದ ಸ್ಥಿತಿ ಇನ್ನೂ ಕಷ್ಟದ್ದು.

ನಮ್ಮಲ್ಲಿ ಬೆಳೆಯಬಹುದೇ ಎಂದು ಕೇಳುತ್ತೀರಿ. ಭಾಲ್ಕಿಯ ಎರೆ ಹೊಲದಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತದೆ, ಹೊನ್ನೆಗೆ ಅದು ಒಗ್ಗದು. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ಬಸಿದುಹೋಗುತ್ತದೆ, ಅಲ್ಲಿ ಪ್ರಯತ್ನಿಸಬಹುದು. ಕಾಯಿಯ ರೆಕ್ಕೆ ಕತ್ತರಿಸಿ, ನೀರಲ್ಲಿ ನೆನೆಸಿ, ಮಳೆಗೆ ಮುಂಚೆ ಚೀಲದಲ್ಲಿ ಬಿತ್ತಬೇಕು. ನೆಟ್ಟ ಮೇಲೆ ಮೊದಲ ಕೆಲವು ಬೇಸಿಗೆ ಆಡು ಬಾಯಿ ಹಾಕದಂತೆ ಮುಳ್ಳುಬೇಲಿ ಬೇಕು. ಸಸಿಗಾಗಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ನಾನು ಕೇಳುತ್ತೇನೆ. ಬೇಲಿ ಕಟ್ಟಿ ಕಾಯುವವರು ಯಾರು, ಸಭೆ ಮುಗಿದ ಮೇಲೆ ಬಂದು ಹೆಸರು ಬರೆಸಿ.