ಒಪ್ಪಿಗೆ ಪತ್ರದ ಅನುವಾದ: ಅಧ್ಯಾಪಕರ ಹೊಣೆ



ಕಾಸರಗೋಡಿನ ಕನ್ನಡ ಶಾಲೆಗಳಿಗೆ ಬರುವ ಒಪ್ಪಿಗೆ ಪತ್ರಗಳಲ್ಲಿ ಹಲವು ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತವೆ. ಲಸಿಕೆ, ಪ್ರವಾಸ, ಮಗುವಿನ ಆಧಾರ್ ವಿವರಗಳ ಬಳಕೆ ಮೊದಲಾದವುಗಳಿಗೆ ತಂದೆತಾಯಿಗಳ ಸಹಿ ಬೇಕಾಗುತ್ತದೆ. ಕಾಗದವನ್ನು ಓದಲಾರದ ತಾಯಿ, “ಮಾಷ್ಟ್ರೇ, ಸೈನ್ ಎಲ್ಲಿ ಹಾಕುವುದು?” ಎಂದಷ್ಟೇ ಕೇಳುತ್ತಾಳೆ. ಏತಕ್ಕೆ ಎಂದು ಅವಳು ಕೇಳದಿದ್ದರೂ ತಿಳಿಸುವುದು ಶಾಲೆಯ ಧರ್ಮ.

ಸಹಿಯೊಂದೇ ಒಪ್ಪಿಗೆಯಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 13ನೆಯ ಪ್ರಕರಣದಂತೆ, ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗಲೇ ಅದು ಸಮ್ಮತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ 6ನೆಯ ಪ್ರಕರಣವು, ಸಮ್ಮತಿಯ ಕೋರಿಕೆ ಸ್ಪಷ್ಟವೂ ಸರಳವೂ ಆದ ಭಾಷೆಯಲ್ಲಿರಬೇಕೆಂದೂ, ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಅದನ್ನು ಪಡೆಯುವ ಆಯ್ಕೆ ಇರಬೇಕೆಂದೂ ವಿಧಿಸುತ್ತದೆ. ಆ ಅನುಸೂಚಿಯಲ್ಲಿ ಕನ್ನಡವಿದೆ. ಆದುದರಿಂದ ಇಂತಹ ಕೋರಿಕೆಗೆ ಕನ್ನಡ ಪ್ರತಿಯನ್ನು ಕೇಳುವುದು ದಾಕ್ಷಿಣ್ಯ ಬೇಡಿದಂತಲ್ಲ.

ಮಲಯಾಳದಿಂದ ಅನುವಾದಿಸುವವರಿಗೆ ಅಪಾಯ ಒದಗುವುದು ಅಪರಿಚಿತ ಪದಗಳಿಗಿಂತ ಪರಿಚಿತ ಪದಗಳಿಂದಲೇ. ಮಲಯಾಳದ ‘ಅನುವಾದಂ’ ಎಂದರೆ ಅನುಮತಿ. ‘ಅಪೇಕ್ಷ’ ಎಂದರೆ ಅರ್ಜಿ. ‘ಅವಸರಂ’ ಎಂದರೆ ಅವಕಾಶ. ‘ರಕ್ಷಿತಾವ್’ ರಕ್ಷಣೆ ಪಡೆದವನಲ್ಲ, ಪೋಷಕ. ಲಿಪಿಯನ್ನಷ್ಟೇ ಬದಲಿಸಿ ಇವುಗಳನ್ನು ಉಳಿಸಿದರೆ, ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಅವಕಾಶವು ಓದುವವರಿಗೆ ಅವಸರವಾಗಿ ಕಂಡೀತು. ಕ್ರಿಯಾಪದಗಳಲ್ಲಿಯೂ ಅಷ್ಟೇ ಎಚ್ಚರ ಬೇಕು. ‘ತಕ್ಕದ್ದು’ ಕಡ್ಡಾಯವನ್ನೂ ‘ಬಹುದು’ ಆಯ್ಕೆಯನ್ನೂ ಸೂಚಿಸುತ್ತವೆ. ‘ಒಪ್ಪದಿರಬಹುದು’ ಎಂಬ ಒಂದು ಮಾತು ಬಿಟ್ಟುಹೋದರೆ ಕೋರಿಕೆಯು ಆಜ್ಞೆಯಾಗುತ್ತದೆ.

ಅನುವಾದಕ್ಕೆ ತೊಡಗುವ ಮುನ್ನ ಮೂಲದಲ್ಲಿ ಐದು ಸಂಗತಿಗಳನ್ನು ಗುರುತಿಸಿಕೊಳ್ಳಬೇಕು: ಕೇಳುವವರು ಯಾರು, ಕೇಳುವುದು ಏನನ್ನು, ಯಾವ ಉದ್ದೇಶಕ್ಕೆ, ಎಷ್ಟು ಕಾಲಕ್ಕೆ, ಒಪ್ಪದಿದ್ದರೆ ಏನು. ಇವುಗಳಲ್ಲಿ ಯಾವುದನ್ನಾದರೂ ಮೂಲವು ಹೇಳದಿದ್ದರೆ ಅನುವಾದಕರು ಊಹಿಸಿ ತುಂಬಬಾರದು; ಕಳುಹಿಸಿದ ಕಚೇರಿಯನ್ನೇ ಕೇಳಬೇಕು. ಮೂಲದ ಕ್ರಮಸಂಖ್ಯೆಗಳನ್ನು ಹಾಗೆಯೇ ಇರಿಸಬೇಕು. ಹೆಸರು, ದಿನಾಂಕ, ಅಂಕೆಗಳನ್ನು ಎರಡೂ ಭಾಷೆ ಬಲ್ಲ ಮತ್ತೊಬ್ಬ ಅಧ್ಯಾಪಕರು ಮೂಲದೊಡನೆ ಹೋಲಿಸಿ ನೋಡಬೇಕು. ಕೊನೆಯಲ್ಲಿ ಯಾವ ಭಾಷೆಯಿಂದ ಅನುವಾದಿಸಲಾಯಿತು ಎಂಬುದರೊಡನೆ ಅನುವಾದಕರ ಹೆಸರು, ಸಹಿ, ದಿನಾಂಕಗಳಿರಬೇಕು. ಮೂಲಪ್ರತಿಯನ್ನು ಜೊತೆಗೆ ಲಗತ್ತಿಸಬೇಕು. ಇಲಾಖೆಯು ದೃಢೀಕೃತ ಅನುವಾದವನ್ನೇ ಕೇಳಿದಲ್ಲಿ ಶಾಲೆಯ ಪ್ರತಿಯು ಅದರ ಸ್ಥಾನವನ್ನು ತುಂಬಲಾರದು.

ಇಷ್ಟಾದರೂ ಕೆಲಸ ಮುಗಿಯದು. ಕಾಸರಗೋಡಿನ ಅನೇಕ ಮನೆಗಳ ಮಾತು ತುಳು, ಕೊಂಕಣಿ, ಬ್ಯಾರಿ ಅಥವಾ ಮರಾಠಿ. ಅಲ್ಲಿ ಕನ್ನಡವು ಶಾಲೆಯ ಭಾಷೆ. ತುಳುವಿಗಾಗಲಿ ಬ್ಯಾರಿಗಾಗಲಿ ಎಂಟನೆಯ ಅನುಸೂಚಿಯಲ್ಲಿ ಇನ್ನೂ ಸ್ಥಾನವಿಲ್ಲ. ಆದಕಾರಣ ಕನ್ನಡ ಪ್ರತಿಯನ್ನು ಓದಿ ಹೇಳಿ, ಮನೆಮಾತಿನಲ್ಲಿ ವಿವರಿಸಿ, ಕೇಳಿದವರು ತಮ್ಮ ಮಾತಿನಲ್ಲಿ ತಿರುಗಿ ಹೇಳಿದ ಬಳಿಕವೇ ಸಹಿ ಪಡೆಯುವುದು ಉಚಿತ. ‘ಬೇಡ’ ಎನ್ನುವಷ್ಟು ತಿಳಿದವರು ‘ಆಗಲಿ’ ಎಂದಾಗಲೇ ಆ ಸಹಿಗೆ ಬೆಲೆ.